ಶನಿವಾರದ ಕಬ್ಬಿಣ

ಗಾದಿಲಿಂಗ ಆ ಬೆಳಿಗ್ಗೆ ಮಂಡಕ್ಕಿ ಒಗ್ಗಾಣಿ ತರಲು ಹೋಗದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಆದರೆ ಅವನು ಕರೆಸಿದ್ದ ಮೆಕ್ಯಾನಿಕ್ಕು ಬರೀ ಹೊಟ್ಟೆಯಲ್ಲಿ ಪಾನಾ ಮುಟ್ಟುವ ಆಸಾಮಿಯಲ್ಲ. ಆದೋನಿಯಲ್ಲಿ ಬೆಳಗಿನ ಹೊತ್ತು ಒಗ್ಗಾಣಿ ಬಜ್ಜಿ ಬೇಕೆಂದರೆ ಸಾಲಿನಲ್ಲಿ ನಿಲ್ಲಲೇಬೇಕು. ಹೋದ, ನಿಂತ, ತಂದ. ಅಷ್ಟರಲ್ಲಿ ಮನೆ ಮುಂದೆ ಆಗಬಾರದ್ದು ಆಗಿತ್ತು.

"ಪಾರ್ಸೆಲ್ಲಿನ ಜಗದೀಶ ಬಂದಿದ್ದ," ಎಂದಳು ತಾಯಿ ಲಿಂಗಕ್ಕ, ಅಕ್ಕಿಯಲ್ಲಿ ಕಲ್ಲು ಆರಿಸುತ್ತ. "ಜೀಪಿನ ಕಂಪನಿಯಿಂದ ಏನೋ ಬಂದೈತಂತ. ವಾಪಸ್ ಕಳಿಸಿದೆ."

ಗಾದಿಲಿಂಗನ ಕೈಯಲ್ಲಿದ್ದ ಪೊಟ್ಟಣ ಕೆಳಗೆ ಬಿತ್ತು. "ವಾಪಸ್ಸಾ? ಯಾಕವ್ವಾ?"

"ಯಾಕಂತ ಕೇಳ್ತಾನ ನೋಡು! ಇವತ್ತು ಶನಿವಾರ. ಶನಿವಾರ ಯಾರನ ಮನಿಗೆ ಕಬ್ಬಿಣ ತರ್ತಾರೇನು? ನಿಮ್ಮಪ್ಪ ಬದುಕಿರೋತನ ಶನಿವಾರ ಒಂದು ಮೊಳಿ ತಂದಾತಲ್ಲ. ನಾಳೆ ಆಯ್ತವಾರ ತಗೊಂಬಾ ಅಂದೀನಿ."

"ಅವ್ವಾ, ಸುಮ್ನ ವಾಪಸ್ ಕಳಿಸಾಕ ಆಗಲ್ಲ. ಫೋನಿಗೆ ಬಂದ ನಂಬರ್ ಹೇಳಬೇಕು!"

"ಹೇಳಿದ್ವಲ್ಲ. ನೀ ಫೋನು ಚಾರ್ಜಿಗೆ ಇಟ್ಟು ಹೋಗಿದ್ದಿ. ನನಗ ಓದಾಕ ಬರಲ್ಲ, ದಸ್ತಗಿರಮ್ಮ ಓದಿ ಹೇಳಿದ್ಲು."

ಪಕ್ಕದ ಮನೆ ದಸ್ತಗಿರಮ್ಮ ಗೋಡೆಯ ಮೇಲಿಂದ ತಲೆ ಎತ್ತಿದಳು. "ಒಂದಂಕಿನೂ ತಪ್ಪಿಲ್ಲ ನೋಡಪ್ಪಾ. ಎಲ್ಡು ಸಲ ಓದಿದೆ." ಬಹುಮಾನಕ್ಕೆ ಕಾದವಳಂತೆ ಅಲ್ಲೇ ನಿಂತಳು.

ಇಂಥ ತಾಯಿಗೆ ಏನು ಹೇಳುವುದು, ಇಂಥ ನೆರೆಯವರಿಗೆ ಏನು ಮಾಡುವುದು? ಅಂಗಳದಲ್ಲಿ ಅವನ ಜೀಪು ನಾಲ್ಕು ಕಲ್ಲುಗಳ ಮೇಲೆ ಕೂತಿತ್ತು. ಸಂಕ್ರಾಂತಿಗೆ ಮೊದಲೇ ಕೂತದ್ದು, ಈಗ ಶ್ರಾವಣ. ಮದ್ದಿಕೇರ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಕಂಪನಿಯೊಂದಕ್ಕೆ ತನ್ನ ಕೆಲಸಗಾರರನ್ನು ದಿನಾ ಮೇಲೆ ಹತ್ತಿಸುವ ಗಾಡಿ ವರ್ಷದ ಬಾಡಿಗೆಗೆ ಬೇಕಿತ್ತು. ದಾರಿಯಲ್ಲಿ ಬರೀ ಬಂಡೆ. ಮಾಮೂಲಿ ಜೀಪಿನ ಹೊಟ್ಟೆ ತಗಲುತ್ತದೆ, ಕೆಳಗೆ ಗಾಡಿಯ ಭಾರ ಹೊರುವ ಎತ್ತರದ ಕಮಾನುಪಟ್ಟಿ ಬೇಕು. ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಬೆಳಗಾವಿ ಕಡೆ 'ಕಾಡುಕೋಣ' ಎಂಬ ಹೆಸರಿಟ್ಟುಕೊಂಡ ಒಂದು ತಗಡಿನ ಶೆಡ್ಡಿನವರು ಮಾಡಿಕೊಡುತ್ತಾರೆಂದು ಕೇಳಿ ಗಾದಿಲಿಂಗ ಆರ್ಡರ್ ಹಾಕಿದ್ದ. ಮುಂದಿನ ವಾರ ಕಳಿಸುತ್ತೇವೆ ಎಂದರು. ಈ ಪುಣ್ಯಾತ್ಮ ಅದನ್ನು ನಂಬಿ, ಹಳೇ ಪಟ್ಟಿಗಳನ್ನು ಬಿಚ್ಚಿ ಕಮ್ಮಾರನಿಗೆ ಕೊಟ್ಟುಬಿಟ್ಟ. ಅವು ಈಗ ಯಾರ್ಯಾರದೋ ಹೊಲದಲ್ಲಿ ಕುಂಟೆಯ ಕುಡವಾಗಿ ಕಳೆ ತೆಗೆಯುತ್ತಿವೆ.

ಆಮೇಲೆ ಶುರುವಾಯಿತು ಶೆಡ್ಡಿನವರ ಹರಿಕಥೆ. ಉಕ್ಕು ಬಂದಿಲ್ಲ. ಉಕ್ಕು ಬಂತು, ಕುಲುಮೆ ಕೆಟ್ಟಿದೆ. ಕುಲುಮೆ ಸರಿಯಾಯಿತು, ಪೇಂಟಿನವನ ಮದುವೆ. ಪೇಂಟಿನವನಿಗೆ ಮದುವೆಯಾಗಿ, ಹೆಂಡತಿ ಬಸುರಿಯಾಗಿ ತವರಿಗೆ ಹೋದರೂ ಇವನ ಪಟ್ಟಿಗೆ ಬಣ್ಣ ಹತ್ತಲಿಲ್ಲ. ನಿನ್ನೆ ಮಾತ್ರ ಫೋನಿಗೆ ಒಂದು ಸಾಲು ಬಂದಿತ್ತು: 'ನಿಮ್ಮ ಪಾರ್ಸೆಲ್ ಹೊರಟಿದೆ, ಶನಿವಾರ ತಲುಪುತ್ತದೆ.' ಗಾದಿಲಿಂಗ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದ. ಅಷ್ಟು ಸಂತೋಷ.

ಅಷ್ಟರಲ್ಲಿ ಗಾಳಿಯಂತ್ರದ ಕಂಪನಿಯ ಮೇಡಂ ಹಾರಿಕಾಳ ಫೋನ್ ಬಂತು. "ಗಾದಿಲಿಂಗ ಗಾರು, ಸಾಯಂತ್ರಂ ಬಂದು ಬಂಡಿ ನೋಡ್ತೀನಿ. ನಾಲ್ಕು ಚಕ್ರದ ಮ್ಯಾಲೆ ನಿಂತಿರಬೇಕು. ಲೇದಂಟೆ ಆಲೂರಿನವ್ರ ಬಂಡಿ ಖಾಯಂ ಮಾಡ್ತೀನಿ. ಏಮನುಕೋಕಂಡಿ, ತಪ್ಪು ತಿಳಿಬ್ಯಾಡ್ರಿ."

"ನಿಂತಿರ್ತೈತಿ ಮೇಡಂ," ಎಂದ ಗಾದಿಲಿಂಗ, ಕಲ್ಲುಗಳನ್ನು ನೋಡುತ್ತ.

ಆಗ ಬಂದ ಎದುರುಮನೆ ಯಂಕಣ್ಣ. ಊರಿನ ಯಾವ ತೊಂದರೆಯಲ್ಲೂ ಕೈಹಾಕದೆ ಬಿಟ್ಟವನಲ್ಲ, ಹಾಕಿದ ಯಾವುದನ್ನೂ ಸರಿ ಮಾಡಿದವನೂ ಅಲ್ಲ. "ಜಗದೀಶನ ಗಾಡಿ ಎಮ್ಮಿಗನೂರು ಕಡಿ ಹೋಗೈತಿ, ನಾನಾ ನೋಡೀನಿ. ಹತ್ತು ನನ್ನ ಲೂನಾ. ಹಿಡಿಯೋಣ!"

ಬಜ್ಜಿ ತಿಂದು ಮುಗಿಸಿದ್ದ ಮೆಕ್ಯಾನಿಕ್ಕಿಗೆ ಕಾಯಲು ಹೇಳಿ ಗಾದಿಲಿಂಗ ಹತ್ತಿದ.

ಲೂನಾ ಹಿಡಿಯುವ ಗಾಡಿಯಲ್ಲ, ಹಿಡಿಸಿಕೊಳ್ಳುವ ಗಾಡಿ. ಟ್ರಾಕ್ಟರುಗಳು ದಾಟಿಹೋದವು. ಒಂದು ಎತ್ತಿನ ಬಂಡಿ ಬಹಳ ಹೊತ್ತು ಜೊತೆಗೇ ಬಂತು. ಯಂಕಣ್ಣನಿಗೆ ದಾರಿಯುದ್ದಕ್ಕೂ ಪರಿಚಯದವರು. ಒಬ್ಬನ ಮೊಣಕಾಲು ನೋವು ವಿಚಾರಿಸಿದ, ಇನ್ನೊಬ್ಬನ ಮಗಳಿಗೆ ಗಂಡು ಹೇಳಿದ. ಜಗದೀಶನಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ.

"ಯಂಕಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಸ್ವಲ್ಪ ಜೋರು ಹೊಡಿ."

"ಅವಸರಕ್ಕ ಹುಟ್ಟಿದ ಕೂಸು ಬದುಕಲ್ಲ ಗಾದಿಲಿಂಗಾ," ಎಂದು ಯಂಕಣ್ಣ ಎಮ್ಮಿಗನೂರಿನಲ್ಲಿ ಲೂನಾ ನಿಲ್ಲಿಸಿ, ನೇಕಾರರ ಕೇರಿಯೊಳಗೆ ನುಗ್ಗಿ, ಹೆಂಡತಿ ಹೇಳಿದ ಸೀರೆ ಆಯ್ತೋ ಇಲ್ಲವೋ ಎಂದು ಮಗ್ಗದ ಮುಂದೆ ಕೂತುಬಿಟ್ಟ. ಸೀರೆ ಆಗಿರಲಿಲ್ಲ. ಅಲ್ಲೇ ಗೊತ್ತಾಯಿತು, ಜಗದೀಶ ಆಗತಾನೆ ಸಿ. ಬೆಳಗಲ್ ಕಡೆ ಹೊರಟನಂತೆ.

"ಹೊಲದಾಗ ಒಂದು ಅಡ್ಡದಾರಿ ಐತಿ," ಎಂದ ಯಂಕಣ್ಣ.

ಅಡ್ಡದಾರಿ ಹಿಡಿದವನು ಮನೆ ಮುಟ್ಟಲ್ಲ ಎಂಬುದು ಗಾದಿಲಿಂಗನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಹೋದ. ಹಿಂದಿನ ದಿನ ಮಳೆ ಬಿದ್ದ ಎರೆಭೂಮಿ ಲೂನಾದ ಚಕ್ರವನ್ನು ಹಿಡಿದು ನುಂಗಿತು. ಇಳಿದರೆ ಚಪ್ಪಲಿಯನ್ನೂ ನುಂಗಿತು. ಯಂಕಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇಂಥಾದಕ್ಕ ನೋಡು ಜೀಪು ಬೇಕು ಅನ್ನೋದು," ಎಂದ. ಗಾದಿಲಿಂಗನಿಗೆ ಅವನನ್ನು ಅಲ್ಲೇ ಹೂತುಬಿಡೋಣ ಅನ್ನಿಸಿತು. ಮಣ್ಣು ಮೆತ್ತಗೂ ಇತ್ತು.

ಇಬ್ಬರೂ ಲೂನಾ ಹೊತ್ತುಕೊಂಡೇ ಹೊಲ ದಾಟಿ ಬೆಳಗಲ್ ಸೇರುವಾಗ ಹೊತ್ತು ಪಶ್ಚಿಮಕ್ಕೆ ವಾಲಿತ್ತು. ಬಸ್ ನಿಲ್ದಾಣದ ಪಕ್ಕದ ಚಹಾದಂಗಡಿ ಮುಂದೆ ಜಗದೀಶನ ಆಟೋ ನಿಂತಿತ್ತು. ಜಗದೀಶ ಇವರನ್ನು ಕಂಡು ಗುರುತು ಹಿಡಿಯಲಿಲ್ಲ. ಗುರುತು ಹಿಡಿಯಲು ಮುಖವೆಲ್ಲಿ ಕಾಣುತ್ತಿತ್ತು?

"ನನ್ನ ಪಾರ್ಸೆಲ್ ಕೊಡಪ್ಪಾ!"

"ಕೊಡಾಕ ಬರಲ್ಲಣ್ಣ. ಬ್ಯಾಡ ಅಂತ ನಂಬರ್ ಕೊಟ್ಟಾರ, ನಾ ಒತ್ತೀನಿ. ಇನ್ನ ಅದು ಕಂಪನಿದು."

ಬೇಡಿದ, ಬೈದ, ಕೈಮುಗಿದ. ಜಗದೀಶ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಯಂಕಣ್ಣ ಅವನ ಊರು, ಮನೆತನ, ಹೆಂಡತಿಯ ತವರು ಎಲ್ಲ ಕೆದಕಿ, ಮದ್ದಿಕೇರದ ತನ್ನ ಸೊಸೆಯ ಸೋದರಮಾವನ ಮಗಳೇ ಜಗದೀಶನ ಹೆಂಡತಿ ಎಂದು ಕಂಡುಹಿಡಿದ. "ಅಂದ್ರ ನಾವು ನಿಮ್ಮ ಬೀಗರಾದ್ವಲ್ಲೋ!" ಬೀಗರು ಬಂದು ಬರಿಗೈಲಿ ಹೋಗುವುದುಂಟೇ? ಜಗದೀಶ ತಲೆ ಕೆರೆದುಕೊಂಡು, "ತಗೊಂಡು ಹೋಗ್ರಿ, ನಾ ಏನರ ಹೇಳ್ಕೊಂತೀನಿ," ಎಂದು ಆಟೋದೊಳಗೆ ಕೈಹಾಕಿ ಒಂದು ಚೀಲ ತೆಗೆದುಕೊಟ್ಟ.

ಒಂದೇ ಕೈಯಲ್ಲಿ ಕೊಟ್ಟ. ಕಮಾನುಪಟ್ಟಿಗಳನ್ನು ಎತ್ತಲು ಇಬ್ಬರು ಗಟ್ಟಿ ಆಳು ಬೇಕು.

ಹರಿದು ನೋಡಿದರೆ ಒಳಗೆ ಒಂದು ಹಳದಿ ಟೀ ಶರ್ಟು. ಎದೆಯ ಮೇಲೆ ಕೋಣದ ತಲೆ, ಅದರ ಕೆಳಗೆ 'ದಾರಿ ಇಲ್ಲದಲ್ಲೂ ನಮ್ಮ ದಾರಿ'. ಜೊತೆಗೊಂದು ಚೀಟಿ: 'ತಡವಾದುದಕ್ಕೆ ಕ್ಷಮೆಯಿರಲಿ. ನಿಮ್ಮ ತಾಳ್ಮೆಗೆ ನಮ್ಮ ಪುಟ್ಟ ಕಾಣಿಕೆ.' ಪುಟ್ಟ ಎಂದರೆ ನಿಜಕ್ಕೂ ಪುಟ್ಟದು. ಗಾದಿಲಿಂಗನ ಒಂದು ತೋಳು ಮಾತ್ರ ಅದರೊಳಗೆ ಹೋಗುತ್ತಿತ್ತು.

"ಇದರಾಗ ಕಬ್ಬಿಣಾನ ಇಲ್ಲಲ್ಲೋ!" ಎಂದ ಯಂಕಣ್ಣ.

ಗಾದಿಲಿಂಗ ಶೆಡ್ಡಿಗೆ ಫೋನ್ ಮಾಡಿದ. ಎತ್ತಿದವಳು ಅಲ್ಲಿನ ಸುಷ್ಮಿತಾ. ಇಷ್ಟು ತಿಂಗಳೂ ಉಕ್ಕು, ಕುಲುಮೆ, ಮದುವೆಗಳ ಸುದ್ದಿ ಕೊಟ್ಟವಳೂ ಅವಳೇ. ಗಾದಿಲಿಂಗ ಬಾಯಿಗೆ ಬಂದದ್ದೆಲ್ಲ ಬೈದ. ಅವಳು ಪೂರ್ತಿ ಕೇಳಿ, "ಸಿಟ್ಟಾಗಬ್ಯಾಡ್ರಿ ಸರ್. ನಿಮ್ಮ ಪಟ್ಟಿ ತಯಾರಾಗ್ಯಾವ್ರಿ. ಇವತ್ತ ಲಾರಿಗೆ ಹಾಕ್ಯಾರ. ಸೋಮವಾರ ಮುಂಜಾನೆ ನಿಮ್ಮ ಬಾಗಿಲಿಗೆ," ಎಂದಳು.

"ಖರೇನಾ?"

"ನಾನಾ ಕಣ್ಣಾರೆ ನೋಡೇನ್ರಿ."

ಗಾದಿಲಿಂಗ ಅದೇ ಉಸಿರಿನಲ್ಲಿ ಹಾರಿಕಾಗೆ ಫೋನ್ ಮಾಡಿದ. ಆಕೆ ಆಗಲೇ ಅವನ ಅಂಗಳದಲ್ಲಿ ಕಲ್ಲುಗಳ ಮುಂದೆ ನಿಂತಿದ್ದಳು. ಒಳಗೆ ಲಿಂಗಕ್ಕ ಮಜ್ಜಿಗೆ ಕೊಟ್ಟಿದ್ದಳೋ ಏನೋ, ದನಿ ಸ್ವಲ್ಪ ತಂಪಾಗಿತ್ತು. "ಸರೇ, ಸೋಮವಾರಂ ಸಾಯಂತ್ರಂ ತನಕ ನೋಡ್ತೀನಿ. ಆಮ್ಯಾಲೆ ನನ್ನ ಕೇಳಬ್ಯಾಡ್ರಿ."

ದೇವರು ಇದ್ದಾನೆ ಎಂದುಕೊಂಡ ಗಾದಿಲಿಂಗ. ಯಂಕಣ್ಣನನ್ನು ತಬ್ಬಿಕೊಂಡ, ಮೂವರಿಗೂ ಚಹಾ ಹೇಳಿದ. ಜಗದೀಶನಿಗೆ ಬಿಸ್ಕತ್ತೂ ಕೊಡಿಸಿದ, ಎಷ್ಟಾದರೂ ಬೀಗರು. ಇಷ್ಟು ತಿಂಗಳಲ್ಲಿ ಅವನು ನಕ್ಕಿದ್ದೇ ಅವತ್ತು.

ಚಹಾ ಬರುವ ಮೊದಲೇ ಫೋನ್ ಹೊಡೆದುಕೊಂಡಿತು. ಸುಷ್ಮಿತಾ.

"ಸರ್, ಸಣ್ಣದೊಂದು ತೊಂದರೆ ಆಗೇತ್ರಿ. ಬೆಳಿಗ್ಗೆ ನೀವು ನಮ್ಮ ಪಾರ್ಸೆಲ್ ಬ್ಯಾಡ ಅಂದ್ರಂತ?"

"ನಾ ಅಂದಿಲ್ಲ, ನಮ್ಮವ್ವ. ಅದೂ ಈಗ ತಗೊಂಡೀನಲ್ಲ, ಕೈಯಾಗ ಐತಿ!"

"ನಂಬರ್ ಕೊಟ್ಟು ಖಾತ್ರಿ ಮಾಡ್ಯಾರ್ರಿ. ಗಿರಾಕಿ ಒಂದು ಪಾರ್ಸೆಲ್ ಬ್ಯಾಡ ಅಂದ್ರ ಕಂಪ್ಯೂಟರ್‌ನ್ಯಾಗ ಆತನ ಎಲ್ಲಾ ಆರ್ಡರ್ ತಾನ ರದ್ದಾಗ್ತಾವ್ರಿ. ನಿಮ್ಮ ಪಟ್ಟಿ ಲಾರಿಯಿಂದ ಇಳಿಸಿ, ಸಾಲಿನ್ಯಾಗ ನಿಮ್ಮ ಹಿಂದ ಇದ್ದವರ ಹೆಸರಿಗೆ ಹಾಕ್ಯಾರ. ಲಾರಿ ಹೋತ್ರಿ."

ಸೋಮವಾರ ಹೋಯಿತು, ಗುಡ್ಡ ಹೋಯಿತು. ವರ್ಷದ ಅನ್ನ ಹೋಯಿತು. ಥೂ, ಯಾರ ಮೇಲೆ ಸಿಟ್ಟು ಮಾಡುವುದು ಎಂದೇ ತಿಳಿಯಲಿಲ್ಲ ಗಾದಿಲಿಂಗನಿಗೆ.

"ಹೊಸದಾಗಿ ಬುಕ್ ಮಾಡ್ಲೇನ್ರಿ ಸರ್?" ಎಂದಳು ಸುಷ್ಮಿತಾ.

ಮಾಡದೆ ಇನ್ನೇನು? ಆ ಪಟ್ಟಿ ಮಾಡುವವರು ಬೇರೆ ಯಾರೂ ಇಲ್ಲ. "ಮಾಡವ್ವಾ," ಎಂದ.

"ಆತ್ರಿ. ಹಂಗ ನಿಮ್ಮ ಟೀ ಶರ್ಟಿನ ಅಳತಿನೂ ಹೇಳಿಬಿಡ್ರಿ. ಈಗ ಬರಕೊಂಡ್ರ ಆಮೇಲೆ ಕಳಿಸಾಕ ತಡ ಆಗಂಗಿಲ್ಲ."