ಇವತ್ತೂ ಹಾರಲಿಲ್ರಿ

ನಮ್ಮ ಸೋದರಮಾವ ಜೀವನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಾರೆ ಎಂದರೆ ನೀವು ನಂಬುತ್ತೀರಾ? ಅದೂ ಸದಾಶಿವ ಪೇಠೆಯ ಸೀರೆ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ! ಸೀರೆ ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡುತ್ತಿದ್ದ ಹೆಂಗಸರಿಗೆ, ಈ ಬಣ್ಣ ನಿಮಗೆ ಒಪ್ಪುವುದಿಲ್ಲವೆಂದು ಮರಾಠಿಯಲ್ಲಿ ಮುಖಕ್ಕೇ ಹೇಳಿ ವಾಪಸ್ ಕಳಿಸಿದವರು ಇವರು. ಮಾಲೀಕರು ಇವರನ್ನು ಅಷ್ಟು ವರ್ಷ ಹೇಗೆ ಸಹಿಸಿಕೊಂಡರೋ, ಆ ಭಗವಂತನಿಗೇ ಗೊತ್ತು.

ನಿವೃತ್ತಿಯಾದ ಮೇಲೆ ಇಂಥವರು ನಿಗಡಿಯ ತಮ್ಮ ಫ್ಲ್ಯಾಟಿನಲ್ಲಿ ಚಹಾ ಕುಡಿದುಕೊಂಡು ಸುಮ್ಮನೆ ಇರಬೇಕಿತ್ತಲ್ಲವೇ? ಇಲ್ಲ, ವಿಮಾನ ಕಟ್ಟಲು ಕೂತರು! ಒಳಗೆ ಯಾರೂ ಕೂರದೆ ತಾನಾಗಿಯೇ ಹಾರುವ ವಿಮಾನ. ಬಾರಾಮತಿ ಹತ್ತಿರದ ಬಯಲಿನಲ್ಲಿ ವರ್ಷಕ್ಕೊಮ್ಮೆ ಇದರದೊಂದು ಸ್ಪರ್ಧೆ ನಡೆಯುತ್ತದೆ. ಮನೆಯಲ್ಲಿ ಮಾಡಿದ ವಿಮಾನ ತಾನೇ ಮೇಲೇರಬೇಕು, ನೆಲದಲ್ಲಿ ಎಲ್ಲೋ ಹಾಸಿದ ಕೆಂಪು ಬಟ್ಟೆಯನ್ನು ತನ್ನ ಕ್ಯಾಮೆರಾದಿಂದ ತಾನೇ ಹುಡುಕಬೇಕು, ಅದರ ಮೇಲೆ ಔಷಧದ ಪೊಟ್ಟಣ ಬೀಳಿಸಬೇಕು. ಬರುವವರೆಲ್ಲ ಎಂಜಿನಿಯರಿಂಗ್ ಕಾಲೇಜಿನ ಹುಡುಗರು. ಅವರ ನಡುವೆ ಅರವತ್ಮೂರು ವರ್ಷದ, ರೆಕ್ಕೆಯನ್ನು ಗಜದ ಲೆಕ್ಕದಲ್ಲಿ ಅಳೆಯುವ ನಮ್ಮ ಮಾಮಾ!

ಕಟ್ಟಿ ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಯೂಟ್ಯೂಬಿನಲ್ಲಿ ಚಾನೆಲ್ ಬೇರೆ ಶುರು ಮಾಡಿದರು. ನಲವತ್ಮೂರು ಜನ ಚಂದಾದಾರರು, ಅದರಲ್ಲಿ ಮೂವತ್ತು ನಾವೇ ಬೀಗರು ಬಿಜ್ಜರು. ಪ್ರತಿ ವಿಡಿಯೊ ಒಂದೇ ಮಾತಿನಿಂದ ಶುರು: "ನಮಸ್ಕಾರ್ರಿ. ಇವತ್ತೂ ಹಾರಲಿಲ್ರಿ." ಆಮೇಲೆ ಯಾಕೆ ಹಾರಲಿಲ್ಲ, ಅದರಲ್ಲಿ ತಮ್ಮ ದಡ್ಡತನ ಎಷ್ಟು ಎಂದು ಹತ್ತು ನಿಮಿಷ ಬಿಡಿಸಿ ಹೇಳುವುದು. "ಮಾಮಾ, ಇಷ್ಟೆಲ್ಲಾ ಯಾಕ್ ಹೇಳ್ತೀರಿ? ಗಾಳಿ ಜೋರಿತ್ತು ಅಂದ್ರ ಮುಗೀತಲ್ಲ" ಎಂದೆ ಒಮ್ಮೆ. "ಗಾಳಿ ಎಲ್ಲಿತ್ತಲೇ? ರೆಕ್ಕಿ ಉಲ್ಟಾ ಅಂಟಿಸಿದವ ನಾನು. ನನ್ನ ನೋಡಿ ಕಲಿಯೋರಿಗೆ ಸುಳ್ಳ ಹೇಳ್ಲೇನು?" ಎಂದು ನನಗೇ ಗದರಿದರು. ಇವರನ್ನು ನೋಡಿ ಕಲಿಯುವವರು! ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಇನ್ನು ಮಾಮಿಯ ಪಾಡು. ಹಪ್ಪಳ ಒಣಗಿಸುವ ಬಾಲ್ಕನಿ ಹೋಯಿತು. ಅಂಟಿನ ವಾಸನೆ ಸಾರಿನವರೆಗೂ ಬಂತು. ಆ ಮನೆಗೆ ಬಂದ ಹೊಸ ವಸ್ತು ಯಾವುದೇ ಇರಲಿ, ಮಾಮಿ ಅದರ ಹಣೆಗೊಂದು ತುಪ್ಪದ ಬೊಟ್ಟಿಟ್ಟು ಅದರ ಮೇಲೆ ಕುಂಕುಮ ಒತ್ತುತ್ತಾರೆ. ತುಪ್ಪವಿದ್ದರೆ ಉದುರುವುದಿಲ್ಲವಂತೆ. ಮಿಕ್ಸರಿಗೆ ಇದೆ, ಕುಕ್ಕರಿಗೆ ಇದೆ, ವೈಫೈ ಡಬ್ಬಿಗೂ ಇದೆ. ವಿಮಾನಕ್ಕೆ ಮಾತ್ರ ಇಲ್ಲ! ಕೇಳಿದರೆ, "ಸವತಿಗೆ ನಾ ಕುಂಕುಮ ಹಚ್ಚಲೇನು? ಮೂರು ವರ್ಷ ಆತು, ನನ್ನ ಜೋಡಿ ಮಾತಾಡಿದ್ದಕ್ಕಿಂತ ಅದರ ಜೋಡಿ ಮಾತಾಡಿದ್ದ ಭಾಳ ಅದ" ಎಂದು ಲಟ್ಟಣಿಗೆ ಕುಟ್ಟುತ್ತಿದ್ದರು.

ಮೊದಲ ವರ್ಷ ವಿಮಾನ ನೆಲ ಬಿಟ್ಟೇಳಲಿಲ್ಲ. ಎರಡನೇ ವರ್ಷ ಎದ್ದಿತು, ಎದ್ದಷ್ಟೇ ಬೇಗ ಬಿತ್ತು. ಒಮ್ಮೆ ಮನೆಯ ಟೆರೇಸಿನಿಂದ ಬಿಟ್ಟು ನೋಡಿದರೆ ನೆಟ್ಟಗೆ ಕೆಳಗಿನ ಮನೆಯವರ ಬಾಲ್ಕನಿಗೆ ನುಗ್ಗಿ, ಒಗೆದು ಹಾಕಿದ್ದ ಲಂಗದಲ್ಲಿ ಸಿಕ್ಕಿಕೊಂಡಿತು. ಆ ಮನೆಯ ಅಜ್ಜಿ ಕೋಲು ಹಿಡಿದು ಹೊರಬಂದರು. ಮಾಮಾ ಕೈಮುಗಿದು ಕ್ಷಮೆ ಕೇಳಿದರು, ಅದನ್ನೂ ವಿಡಿಯೊ ಮಾಡಿ ಹಾಕಿದರು. ಅಜ್ಜಿಯೂ ಚಂದಾದಾರರಾದರು. ನಲವತ್ನಾಲ್ಕು!

ಈ ವರ್ಷ ಅವರು ಕ್ಯಾಮೆರಾ ಮುಂದೆ ಕೂತು ಪ್ರತಿಜ್ಞೆ ಮಾಡಿದರು: "ಈ ಸಲ ಪೊಟ್ಟಣ ಕೆಂಪು ಬಟ್ಟಿ ಮ್ಯಾಲೆ ಬೀಳಲಿಲ್ಲಂದ್ರ ಇದನ್ನ ಬಿಟ್ಟಬಿಡ್ತೀನ್ರಿ. ಚಾನೆಲ್ಲೂ ಬಂದ್. ಬಾಲ್ಕನಿ ಮನಿಯವರಿಗೆ." ಆಡಿದ ಮಾತು ತಪ್ಪುವವರಲ್ಲ. ಮಾಮಿ ಒಳಗಿನಿಂದಲೇ "ಹಪ್ಪಳದ ಹಿಟ್ಟು ಕಲಸಿ ಇಡ್ತೀನಿ" ಎಂದರು.

ಸ್ಪರ್ಧೆಯ ದಿನ ಬೆಳಿಗ್ಗೆ ಮಾಮಿ ಬಾಗಿಲವರೆಗೂ ಬರಲಿಲ್ಲ. ವಿಮಾನವನ್ನು ಚಾದರದಲ್ಲಿ ಸುತ್ತಿ ನಡುಮನೆಯಲ್ಲಿಟ್ಟು, ನಾವಿಬ್ಬರೂ ಕಾರಿನ ಸೀಟು ಮಡಚಲು ಕೆಳಗಿಳಿದಿದ್ದೆವು. ಬಂದು ನೋಡಿದರೆ ಮಾಮಿ ಅಡುಗೆಮನೆಯಲ್ಲಿ, ನಮಗೆ ಬೆನ್ನು ಹಾಕಿ ನಿಂತಿದ್ದರು. ಬಾಯಿಮಾತಿಗೂ ಹೋಗಿ ಬರ್ರಿ ಎನ್ನಲಿಲ್ಲ. ನನಗೆ ಸಿಟ್ಟೇ ಬಂತು.

ಬಯಲಿನಲ್ಲಿ ಮಾಮಾನ ಸರದಿ ಬಂದಾಗ ತೀರ್ಪುಗಾರರು ಅವಸರ ಮಾಡುತ್ತಿದ್ದರು. ಹಿಂದಿನ ದಿನ ಹದಿನಾಲ್ಕು ಸಲ ಪರೀಕ್ಷಿಸಿದ್ದೇನೆಂಬ ಧೈರ್ಯದಲ್ಲಿ ಮಾಮಾ ಚಾದರ ಬಿಚ್ಚಿದವರೇ ಓಡಿ ವಿಮಾನವನ್ನು ಮೇಲಕ್ಕೆ ಎಸೆದರು. ಅಯ್ಯೋ, ಏನು ಹೇಳಲಿ! ಹಾರಿತು! ಸೀರೆಯ ಲೈನಿಂಗ್ ಬಟ್ಟೆಯ ರೆಕ್ಕೆ ಬಿಸಿಲಿನಲ್ಲಿ ಹೊಳೆಯುತ್ತಾ ಮೇಲೆ ಮೇಲೆ ಹೋಯಿತು. ಮಾಮಾ ಬಾಯಿ ತೆರೆದು ನಿಂತುಬಿಟ್ಟರು. ಕೆಂಪು ಬಟ್ಟೆ ಇನ್ನೂ ಅರ್ಧ ಮೈಲಿ ದೂರವಿತ್ತು. ವಿಮಾನ ಏನು ಕಂಡಿತೋ, ಅಲ್ಲೇ ಪೊಟ್ಟಣ ಬಿಟ್ಟಿತು! ಬಿದ್ದದ್ದು ತೀರ್ಪುಗಾರರೊಬ್ಬರ ಅವಲಕ್ಕಿಯ ತಟ್ಟೆಗೆ. ಹುಡುಗರೆಲ್ಲ ಹೋ ಎಂದು ನಕ್ಕರು. ತನ್ನ ಕೆಲಸ ಮುಗಿಯಿತೆಂದು ವಿಮಾನ ನೆಮ್ಮದಿಯಾಗಿ ಪಕ್ಕದ ಕಬ್ಬಿನ ಹೊಲಕ್ಕೆ ಇಳಿಯಿತು.

ಕಬ್ಬಿನ ಸಾಲುಗಳಲ್ಲಿ ಮೈಕೈ ತರಚಿಕೊಂಡು ಹುಡುಕಿದೆವು. ರೆಕ್ಕೆ ಮುರಿದಿತ್ತು. ಮಾಮಾ ವಿಮಾನದ ಮೂತಿ ಎತ್ತಿ ನೋಡಿದರು, ನೋಡುತ್ತಲೇ ಇದ್ದರು. ನಾನೂ ಬಗ್ಗಿದೆ. ಕ್ಯಾಮೆರಾದ ಗುಂಡನೆಯ ಕಣ್ಣಿನ ಮೇಲೆ, ಸರಿಯಾಗಿ ನಡುವೆ, ತುಪ್ಪದ ಬೊಟ್ಟು, ಅದರ ಮೇಲೆ ಕುಂಕುಮ. ಪಾಪ, ವಿಮಾನಕ್ಕೆ ಲೋಕವೆಲ್ಲ ಕೆಂಪು ಬಟ್ಟೆಯಾಗಿ ಕಂಡಿತ್ತು!

ಮಾಮಾ ಕರವಸ್ತ್ರ ತೆಗೆದು ಕುಂಕುಮ ಪೂರ್ತಿ ಹೋಗುವವರೆಗೆ ಒರೆಸಿದರು. ಆಮೇಲೆ, ಉಂಡ ತಟ್ಟೆಯನ್ನೂ ಎಂದೂ ತೊಳೆಯದ ಆ ಮನುಷ್ಯ ಹೊಲದ ಕಾಲುವೆಯ ಬಳಿ ಕುಕ್ಕರಗಾಲಲ್ಲಿ ಕೂತು ಆ ಕರವಸ್ತ್ರ ತಿಕ್ಕಿದರು, ತಿಕ್ಕಿದರು. ತುಪ್ಪದ ಕಲೆ, ಹೋಗುತ್ತದೆಯೇ? ಕೊನೆಗೆ ಹಿಂಡಿ ನನ್ನ ಕಿಸೆಗೆ ತುರುಕಿದರು. "ನಿಮ್ಮ ಮಾಮಿ ಕೇಳಿದ್ರ ಕಳದದ ಅನ್ನು." ಆಮೇಲೆ ಅಲ್ಲೇ ನಿಂತು, ನನ್ನ ಕೈಗೆ ಫೋನ್ ಕೊಟ್ಟು ಕೊನೆಯ ವಿಡಿಯೊ ಮಾಡಿಸಿದರು.

"ನಮಸ್ಕಾರ್ರಿ. ಇವತ್ತ ಹಾರಿತ್ರಿ. ಆದ್ರ ಕ್ಯಾಮೆರಾಕ್ಕ ಧೂಳು ಹತ್ತಿತ್ತು. ಒರಸಬೇಕಿತ್ತು, ಮರ್ತೆ. ತಪ್ಪು ಪೂರಾ ನಂದು. ಇಷ್ಟ ದಿವಸ ನೋಡಿದ್ರಿ, ಉಪಕಾರ ಆತ್ರಿ."

ಮನೆ ಸೇರುವಷ್ಟರಲ್ಲಿ ಮಾಮಿ ಆ ವಿಡಿಯೊ ನೋಡಿಬಿಟ್ಟಿದ್ದರು. ಬಾಗಿಲಲ್ಲೇ ಶುರು: "ಧೂಳಂತ ಧೂಳು! ಮೂರು ವರ್ಷ ಕಟ್ಟಿದವರಿಗೆ ಒಂದು ಸಲ ಒರಸಾಕ ಏನ ಧಾಡಿ ಆಗಿತ್ರಿ? ನಾ ಇಲ್ಲಿ ದೇವರ ಮುಂದ ಕೂತೀನಿ ಮುಂಜಾನಿಂದ!" ಬೈಯುತ್ತಾ ಬೈಯುತ್ತಾ ಅತ್ತೇಬಿಟ್ಟರು. ಮಾಮಾ ಚಪ್ಪಲಿ ಬಿಡುತ್ತಾ, "ಹೌದು ಬಿಡು, ತಪ್ಪಾತು" ಎಂದರು.

ಬಾಲ್ಕನಿಯಲ್ಲಿ ಈಗ ಹಪ್ಪಳ ಒಣಗುತ್ತವೆ. ಆ ಕರವಸ್ತ್ರ ನನ್ನ ಕಪಾಟಿನಲ್ಲಿದೆ. ಮೂರು ವರ್ಷ ಮಾಮಾನ ಒಂದು ವಿಡಿಯೊಗೂ ನಾನು ಲೈಕ್ ಒತ್ತಿದವನಲ್ಲ. ಆ ಸುಳ್ಳಿಗೆ ಮಾತ್ರ ಒತ್ತಿದ್ದೇನೆ.