ಮಾವ ತಿದ್ದಿದ ತಿರುವು

ನೆಟ್ಟಗೆ ನಡೆಯಲು ಬಾರದವನಿಗೆ ರಸ್ತೆ ಮಾಡುವ ಕೆಲಸ ಕೊಟ್ಟರೆ ಹೇಗಿರುತ್ತದೆ? ನಮ್ಮ ಸೋದರಮಾವನನ್ನು ನೋಡಿದ್ದರೆ ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲ! ಅವನು ಕುಡಿಯುವವನಲ್ಲ. ರಸ್ತೆಯ ಇಳಿಜಾರನ್ನು ಅಂಗಾಲಿನಿಂದಲೇ ಅಳೆಯುತ್ತ ಈ ಅಂಚಿನಿಂದ ಆ ಅಂಚಿಗೆ ನಡೆಯುತ್ತಿದ್ದ, ಅಷ್ಟೆ.

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ, ಶಿಗ್ಗಾಂವಿಯಲ್ಲಿ ಒಬ್ಬ ಓವರ್‌ಸಿಯರ್ ಕೈಕೆಳಗೆ ರಸ್ತೆ ಮೇಸ್ತ್ರಿಯಾಗಿದ್ದ. ಅಲ್ಲಿ ಕಲಿತ ಪಾಠವನ್ನೆಲ್ಲ ಭಾನುವಾರ ತಿಳವಳ್ಳಿಯ ನಮ್ಮ ಮನೆಗೆ ಬಂದು ಒಪ್ಪಿಸುತ್ತಿದ್ದ. ರಸ್ತೆ ಉಬ್ಬಿದ ರೊಟ್ಟಿಯಂತಿರಬೇಕಂತೆ, ನಡುವೆ ಎತ್ತರ, ಅಂಚಿಗೆ ಇಳಿಜಾರು. ತೋರಿಸಲು ಕೈಗೆತ್ತಿಕೊಂಡ ರೊಟ್ಟಿ ಪಾಠ ಮುಗಿಯುವಷ್ಟರಲ್ಲಿ ಆರಿ ಹೋಗುತ್ತಿತ್ತು. ಸವಣೂರಿನ ಒಂದು ಮದುವೆಯಲ್ಲಿ, ಎಲೆಯ ಮೇಲೆ ಸಾರು ಹರಿದ ದಿಕ್ಕು ನೋಡಿ, ಅಂಗಳದ ಇಳಿಜಾರು ತಪ್ಪಿದೆ ಎಂದು ಇಡೀ ಪಂಕ್ತಿಯನ್ನೇ ಎಬ್ಬಿಸಿ ತಿರುಗಿ ಕೂರಿಸಿದ. ಬೀಗರು ಅದು ನಮ್ಮ ಮನೆತನದ ಪದ್ಧತಿಯೆಂದು ತಿಳಿದು ಮರುದಿನವೂ ಹಾಗೆಯೇ ಕುಳಿತರು!

ಕೊನೆಗೆ ಹಾನಗಲ್ಲಿಗೆ ಹೋಗುವ ರಸ್ತೆಯಲ್ಲಿ, ನಮ್ಮ ಹೊಲದ ಪಕ್ಕದ ತಿರುವು ಅವನ ಪಾಲಿಗೆ ಬಂತು. ವೇಗವಾಗಿ ಬರುವ ಬಸ್ಸು ಹೊರಕ್ಕೆ ಜಾರಬಾರದೆಂದು ಹೊರಮಗ್ಗುಲನ್ನು ಕೊಂಚ ಎತ್ತರಿಸಿದ. ಊರಿನ ಗಾಡಿಯವರಿಗೆ ಇದು ಮೇಸ್ತ್ರಿಯ ಕಣ್ತಪ್ಪು ಎನಿಸಿತು. ಸೋಮವಾರ ಎತ್ತುಗಳಿಗೆ ರಜೆ. ಅಂದು ಬುಟ್ಟಿಯಲ್ಲಿ ಮಣ್ಣು ಹೊತ್ತು ತಗ್ಗಿನ ಮಗ್ಗುಲಿಗೆ ಸುರಿದು, ರಸ್ತೆಯನ್ನು ಸಮ ಮಾಡಿಟ್ಟರು.

“ಸಪಾಟ ಮಾಡೇವ್ರಿ ಮೇಸ್ತ್ರಿ. ಸಾಹೇಬ್ರು ನಿಮ್ಮನ್ನ ಬೈಬಾರದು ಅಂತ,” ಎಂದ ಅವರಲ್ಲಿ ಹಿರಿಯ.

ಇಷ್ಟು ಪ್ರೀತಿಯಿಂದ ಕೆಲಸ ಕೆಡಿಸಿದವರನ್ನು ಬೈಯುವುದು ಹೇಗೆ? ಮಾವ ಸೈಕಲ್ ಹತ್ತಿದ. ಜೋರಾಗಿ ತುಳಿಯುತ್ತ ಬಂದು, ಸಮವಾದ ತಿರುವಿನಲ್ಲಿ ಹೊರಳಲಾಗದೆ, ಆಚೆಯ ಭತ್ತದ ಗದ್ದೆಗೆ ಬಿದ್ದ. ಪಾಠ ಎಲ್ಲರಿಗೂ ತಿಳಿಯಿತು. ಸುರಿದ ಮಣ್ಣನ್ನು ಅವರೇ ಮತ್ತೆ ಹೊತ್ತು ತೆಗೆದರು.

ಆದರೆ ಕೆಸರಿನಿಂದೆದ್ದ ಮಾವನ ಕಣ್ಣು ತಿರುವಿನ ಒಳಮಗ್ಗುಲಿಗಿದ್ದ ಮದರಂಗಿ ಬೇಲಿಯ ಮೇಲೆ ಬಿತ್ತು. ಅದು ನಮ್ಮ ಅವ್ವನ ಬೇಲಿ. ಊರಲ್ಲಿ ಯಾರದೇ ಮದುವೆಯಾಗಲಿ, ಮದರಂಗಿಗೆ ಅವ್ವನ ಬಳಿಯೇ ಬರಬೇಕು. ಅವಳಿಗಿದ್ದ ದೊಡ್ಡಸ್ತಿಕೆ ಅದೊಂದೇ.

ಮಾವ ಬಸ್ಸಿನ ಚಾಲಕನ ಕಣ್ಣಿನ ಎತ್ತರಕ್ಕೆ ಬರುವಂತೆ ಗಾಡಿಯ ಮೇಲೆ ನಿಂತು, ನನ್ನನ್ನು ತಿರುವಿನ ಆಚೆಯಿಂದ ನಡೆಸಿದ. ಬೇಲಿಯ ಮರೆಯಿಂದ ನಾನು ಕಾಣಿಸುವಷ್ಟರಲ್ಲಿ ಗಾಡಿಗೆ ಬಂದು ಮುಟ್ಟಿಯೇಬಿಟ್ಟಿದ್ದೆ. ಮನೆಗೆ ಬಂದು, ಬೇಲಿ ತೆಗೆಯಬೇಕು ಎಂದ. ಅವ್ವ ಆಗುವುದಿಲ್ಲ ಎಂದಳು. ಬಸ್ಸಿನವನು ಹಾರ್ನ್ ಹೊಡೆದರಾಯಿತಲ್ಲ ಎಂದು ಅಪ್ಪ ಸಮಾಧಾನ ಹೇಳಿದ. ಮಾವ ಎದ್ದು ಹೊರಗೆ ಹೋದ. ನಾನು ಹಿಂದೆಯೇ ಹೋಗಿ ಅವ್ವನ ಪರವಾಗಿ ಜಗಳ ತೆಗೆದೆ.

“ಹಾರ್ನ ಹೊಡದ್ರ ಅಕ್ಕಗ ಕೇಳ್ಬೇಕಲ್ಲವಾ,” ಎಂದ ಮಾವ ಮೆಲ್ಲಗೆ. “ಆಕಿ ಕಿವಿ ಹೋಗ್ಯಾವ. ತುಟಿ ನೋಡಿ ಮಾತು ತಿಳ್ಕೊಂತಾಳ. ಯಾರಿಗೂ ಹೇಳಿಲ್ಲ. ನೀನೂ ಕೇಳಬ್ಯಾಡ, ಆಕಿ ನೊಂದ್ಕೋತಾಳ.”

ನನಗೆ ನಾಚಿಕೆಯಾಯಿತು. ಎದುರಿಗೆ ನಿಂತು ಮಾತಾಡು ಎಂದು ಅವ್ವ ಗದರಿದಾಗಲೆಲ್ಲ ನಾವು ಅದನ್ನು ಅವಳ ಬಿಗುಮಾನ ಎಂದುಕೊಂಡಿದ್ದೆವು. ಒಂದೇ ಮನೆಯಲ್ಲಿದ್ದ ನಮಗೆ ಕಾಣದ್ದು ವಾರಕ್ಕೊಮ್ಮೆ ಬರುವವನಿಗೆ ಕಂಡಿತ್ತು.

ಮಾವ ಬೇಲಿ ಕಡಿಸಿಯೇಬಿಟ್ಟ. ಕಾರಣ ಹೇಳಲಿಲ್ಲ. ತಮ್ಮನಲ್ಲ, ವೈರಿ ಎಂದು ಅವ್ವ ಊರೆಲ್ಲ ಸಾರಿದಳು.

ಒಂದು ಸಂಜೆ ಅವ್ವ ಮೇವಿನ ಹೊರೆ ಹೊತ್ತು ಆ ತಿರುವಿನಲ್ಲಿ ರಸ್ತೆ ದಾಟುತ್ತಿದ್ದಳು. ಈಚೆ ದಂಡೆಯಲ್ಲಿ ಮಾವ, ಪಕ್ಕದಲ್ಲಿ ನಾನು. ಹಾನಗಲ್ಲಿನ ಬಸ್ಸು ಹಾರ್ನ್ ಹೊಡೆಯುತ್ತ ಬಂತು. ಅವ್ವ ತಿರುಗಿ ನೋಡಲಿಲ್ಲ. ಚಾಲಕ ಅವಳನ್ನು ದೂರದಿಂದಲೇ ಕಂಡು ಬಸ್ಸು ನಿಲ್ಲಿಸಿದ. ಬೆನ್ನ ಹಿಂದೆ ಒಂದು ಬಸ್ಸು ನಿಂತಿದೆ ಎಂಬುದರ ಅರಿವೇ ಇಲ್ಲದೆ, ತನ್ನ ಬೇಲಿ ಹಾಳು ಮಾಡಿದ ತಮ್ಮನನ್ನು ಬಾಯಿತುಂಬ ಬೈಯುತ್ತಲೇ ಅವ್ವ ಈಚೆ ಬಂದಳು. ಮಾವ ಕಣ್ಣೊರೆಸಿಕೊಳ್ಳುತ್ತ ಪೂರ್ತಿ ಬೈಸಿಕೊಂಡ.