ರುಚಿ ನೋಡದ ಕೋಸಂಬರಿ

ಒಂದು ದಿನದ ಮಟ್ಟಿಗೆ ಅಡುಗೆಮನೆಯನ್ನು ತಮ್ಮ ಸ್ವಾಧೀನಕ್ಕೆ ತೆಗೆದುಕೊಳ್ಳುವುದಾಗಿ ವರದರಾಜ ಮೇಷ್ಟ್ರು ಘೋಷಿಸಿದಾಗ, ಬಸವನಗುಡಿಯ ಆ ಮನೆಯಲ್ಲಿ ಫಿಲ್ಟರಿನ ಡಿಕಾಕ್ಷನ್ ಇನ್ನೂ ಇಳಿದಿರಲಿಲ್ಲ.

“ಈ ಸಲದ ರಾಮನವಮಿ ಕೋಸಂಬರಿ ನಂದು! ನೀನು ಒಳಗೆ ಕಾಲಿಡ್ಬೇಡ.”

“ಪಾನಕ?” ಎಂದರು ಹೆಂಡತಿ ತುಳಸಮ್ಮ.

“ಅದನ್ನ ಹೊರಗೆ ಕೂತು ನೀನೇ ಮಾಡ್ಕೋ.”

ಮೇಷ್ಟ್ರ ತಾಯಿ ತೀರಿಕೊಂಡು ವರ್ಷ ಕಳೆದು ಬಂದ ಮೊದಲ ಹಬ್ಬ ಅದು. ಆಕೆ ಮಾಡುತ್ತಿದ್ದ ಸೌತೆಕಾಯಿ ಕೋಸಂಬರಿಗಾಗಿ ಇಡೀ ಬೀದಿ ರಾಮನವಮಿಯನ್ನು ಕಾಯುತ್ತಿತ್ತು. ಮುದುಕಿಯ ಜೊತೆಗೇ ಕೋಸಂಬರಿಯೂ ಹೋಯಿತು ಎಂದು ಯಾರಾದರೂ ಅಂದುಬಿಟ್ಟರೆ? ಆ ಮಾತನ್ನು ಕೇಳುವ ಶಕ್ತಿ ಮೇಷ್ಟ್ರಿಗಿರಲಿಲ್ಲ. ಅಮ್ಮನನ್ನು ನೆನೆದಾಗಲೆಲ್ಲ ಅವರಿಗೆ ಈಗಲೂ ಕಣ್ಣು ತುಂಬುತ್ತಿತ್ತು. ಅದು ಹೆಂಡತಿಗೆ ಕಾಣಬಾರದೆಂದು ಅವರು ತಕ್ಷಣ ವಿಜ್ಞಾನ ಮಾತಾಡುತ್ತಿದ್ದರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರಿಗೆ ಮಾತಿಗೇನು ಬರ! ಕಲಾಸಿಪಾಳ್ಯದಿಂದ ಸ್ವತಃ ಹೊತ್ತು ತಂದ ಇಪ್ಪತ್ತೈದು ಸೌತೆಕಾಯಿಗಳನ್ನು ಹಜಾರದಲ್ಲಿ ಸಾಲಾಗಿ ನಿಲ್ಲಿಸಿ ಪಾಠ ಆರಂಭಿಸಿದರು.

“ನೂರಕ್ಕೆ ತೊಂಬತ್ತೈದು ಭಾಗ ನೀರು. ಮೈಗೆ ತಂಪು. ಪೊಟ್ಯಾಸಿಯಂ ಇದೆ, ವಿಟಮಿನ್ ಕೆ ಇದೆ. ನಾರಿನಂಶ ಎಲ್ಲಾ ಇರೋದು ಸಿಪ್ಪೇಲಿ. ಅದಕ್ಕೇ ಸಿಪ್ಪೆ ಸುಲಿಯೋ ಹಾಗಿಲ್ಲ.”

“ತುದಿ ಕೊಯ್ದು ತಿಕ್ಕಿ ನೊರೆ ತೆಗೀರಿ, ಕಹಿ ಹೋಗತ್ತೆ.”

“ಮೂಢನಂಬಿಕೆ! ಕಹಿ ಅನ್ನೋದು ಕಾಯೊಳಗಿನ ರಾಸಾಯನಿಕ. ತಿಕ್ಕಿದ್ರೆ ಹೋಗೋಕೆ ಅದೇನು ಬಟ್ಟೆ ಮೇಲಿನ ಕರೇನಾ?”

“ಹಾಗಾದ್ರೆ ಒಂದೊಂದು ಕಾಯಿನೂ...”

“ಒಳಗೆ ಕಾಲಿಡ್ಬೇಡ ಅಂದೆ!”

ತುಳಸಮ್ಮ ಬಾಯಿ ಮುಚ್ಚಿಕೊಂಡರು. ಅವರು ಬಾಯಿ ಮುಚ್ಚಿಕೊಂಡಾಗ ಹೆದರಬೇಕೆಂಬುದು ಮೇಷ್ಟ್ರಿಗೆ ಮದುವೆಯಾದ ಮೊದಲ ವಾರದಲ್ಲೇ ತಿಳಿಯಬೇಕಿತ್ತು.

ಮಡಿಯುಟ್ಟು ಮೇಷ್ಟ್ರು ಒಳಹೊಕ್ಕರು. ನೆನೆಸಿದ ಹೆಸರುಬೇಳೆ, ತೆಂಗಿನತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆಹಣ್ಣು ಎಲ್ಲವೂ ಕೈಗೆಟಕುವಲ್ಲಿದ್ದವು. ಒಂದು ಗಂಟೆ ಕಾಲ ಟಕಟಕ ಸದ್ದು. ಇಪ್ಪತ್ತೈದು ಕಾಯಿಗಳೂ ಸಿಪ್ಪೆ ಸಮೇತ ಚೂರಾಗಿ ಒಂದೇ ಕೊಳಗಕ್ಕೆ ಬಿದ್ದವು. ಇಂಗಿನ ಒಗ್ಗರಣೆಯ ಘಮ ಬೀದಿಯ ತನಕ ಹೋಯಿತು. ದೇವರಿಗಿಡುವ ಮುನ್ನ ನಾಲಿಗೆಗೆ ತಾಗಿಸುವಂತಿಲ್ಲ; ತಾಗಿಸಿದರೆ ಎಂಜಲು. ಉಪ್ಪನ್ನೂ ಅಂದಾಜಿನ ಮೇಲೆ ಹಾಕಿದರು. ನೈವೇದ್ಯವಾಯಿತು. ರಾಮ ಎಂದಿನಂತೆ ಮುಗುಳ್ನಗುತ್ತಲೇ ಇದ್ದ.

ಸಂಜೆ ನಲವತ್ತು ಜನ ಬಂದರು. ಮೊದಲ ದೊನ್ನೆ ಸಂದದ್ದು ಎದುರುಮನೆಯ ಕಲ್ಯಾಣಮ್ಮನಿಗೆ. ಎಂಬತ್ತೆರಡು ವರ್ಷದ ಆಕೆ ಮೇಷ್ಟ್ರ ತಾಯಿಯ ಜೀವದ ಗೆಳತಿ. ದೊನ್ನೆಯನ್ನು ಕಣ್ಣಿಗೊತ್ತಿಕೊಂಡು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಅಗಿಯುತ್ತಿದ್ದ ದವಡೆ ನಿಂತಿತು. ಕಣ್ಣು ಮುಚ್ಚಿದರು. ಕಣ್ಣಂಚಿನಲ್ಲಿ ನೀರು ಬಂತು.

“ಅಮ್ಮನ ಜ್ಞಾಪಕ ಬಂತಾ, ಕಲ್ಯಾಣಮ್ಮನೋರೇ?” ಮೇಷ್ಟ್ರು ಆಸೆಯಿಂದ ಬಗ್ಗಿದರು.

“ಬಂತಪ್ಪಾ ವರದೂ,” ಎಂದರು ಆಕೆ ಪ್ರಯತ್ನಪೂರ್ವಕ ನುಂಗಿ. “ಯಾವತ್ತೂ ಬಂದಿರ್ಲಿಲ್ಲ ಇಷ್ಟು!”

ಹಜಾರದಲ್ಲಿ ಎಲ್ಲರ ಕೈಗೂ ದೊನ್ನೆ ಬಂತು. ಪ್ರಸಾದ, ಉಗಿಯುವಂತಿಲ್ಲ. ಹಬ್ಬ, ಮುಖ ಕಿವುಚುವಂತಿಲ್ಲ. ನಲವತ್ತು ಜನ ಸಂತಾಪ ಸಭೆಯಲ್ಲಿ ಕೂತವರಂತೆ ತಲೆ ತಗ್ಗಿಸಿ ಅಗಿಯುತ್ತಿದ್ದರು. ಪಾನಕದ ಲೋಟಗಳಿಗೆ ಮಾತ್ರ ವಿಪರೀತ ನೂಕುನುಗ್ಗಲು! ಪಕ್ಕದ ಫ್ಲಾಟಿನ ವಾದಿರಾಜ ಒಬ್ಬನೇ ಹತ್ತಿರ ಬಂದು ಪಿಸುಗುಟ್ಟಿದ:

“ಸಾರ್, ಹಾಗಲಕಾಯಿ ಕೋಸಂಬರಿ! ಒಳ್ಳೇ ಐಡಿಯಾ. ನನಗೆ ಶುಗರ್ ಇದೆ, ಇನ್ನೊಂದು ದೊನ್ನೆ ಕೊಡಿ.”

ಮೇಷ್ಟ್ರು ಒಳಗೆ ಓಡಿ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಅಯ್ಯೋ ರಾಮಾ! ಬೇವಿನಮರವನ್ನೇ ಬುಡಸಮೇತ ಅಗಿದಂತಿತ್ತು. ಇಪ್ಪತ್ತೈದರಲ್ಲಿ ಕಹಿ ಕಾಯಿ ಎಷ್ಟಿದ್ದವೋ, ಒಳ್ಳೆಯ ಕಾಯಿಗಳನ್ನೂ ಕೆಡಿಸಿಬಿಟ್ಟಿದ್ದವು. ಇನ್ನೆರಡು ತೆಂಗಿನಕಾಯಿ ತುರಿದು ಸುರಿದರು. ಬೆಲ್ಲ ಸುರಿದರು. ಮಾವಿನಕಾಯಿ ತುರಿದು ಹಾಕಿದರು. ಕಹಿ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ, ಅರ್ಧ ಕೊಳಗ ಮಾತ್ರ ಮುಕ್ಕಾಲು ಕೊಳಗವಾಯಿತು.

ಜನ ಹೋದ ಮೇಲೆ ಒಂದು ಪಾತ್ರೆಯಲ್ಲಿ ತುಂಬಿಕೊಂಡು ಬೀದಿಯ ಹಸುವಿನ ಮುಂದಿಟ್ಟರು. ಹಸು ಮೂಸಿತು. ತಲೆಯೆತ್ತಿ ಮೇಷ್ಟ್ರ ಮುಖ ನೋಡಿತು. ಆಮೇಲೆ ಗಂಭೀರವಾಗಿ ಎದುರಿನ ಗೋಡೆಯ ಸಿನಿಮಾ ಪೋಸ್ಟರನ್ನು ಮೇಯಲು ಹೋಯಿತು.

ಮೇಷ್ಟ್ರು ವಾಪಸು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತರು. ಅವಮಾನಕ್ಕಿಂತ ದುಃಖ ದೊಡ್ಡದಾಗಿತ್ತು. ಅಮ್ಮನ ಹೆಸರಿನ ಒಂದೇ ಒಂದು ಕೆಲಸ, ಅದೂ ತಮ್ಮ ಕೈಯಲ್ಲಿ ಹಾಳಾಯಿತಲ್ಲ!

“ಅಮ್ಮನೂ ಮಡೀಲೇ ಮಾಡ್ತಿದ್ಲು. ಅವಳೂ ರುಚಿ ನೋಡ್ತಿರ್ಲಿಲ್ಲ. ಒಂದು ವರ್ಷನಾದ್ರೂ ಕಹಿ ಆಗಿತ್ತೇನೇ? ಅವಳ ಭಕ್ತಿ ಅಂಥದ್ದು. ನನಗದು ಇಲ್ಲ.”

“ಭಕ್ತಿ ಇತ್ತು, ಇಲ್ಲ ಅಂದೋರು ಯಾರು?” ತುಳಸಮ್ಮ ಪಕ್ಕದಲ್ಲೇ ಕೂತರು. “ರುಚಿ ನೋಡ್ತಿದ್ದೋಳು ನಾನು.”

“ನೀನಾ?”

“ಮತ್ತಿನ್ಯಾರು? ಒಂದೊಂದು ಕಾಯಿ ತುದೀನೂ ಕೊಯ್ದು, ಮಡಿಗೆ ತಾಗದ ಹಾಗೆ ನನ್ನ ಕೈಗೆ ಹಾಕೋರು. ನಾನು ಹಿತ್ತಲ ಬಾಗಿಲಲ್ಲಿ ನಿಂತು ತಿನ್ನೋಳು. ಇಪ್ಪತ್ತಾರು ವರ್ಷ.”

ಮೇಷ್ಟ್ರು ಬಾಯಿ ತೆರೆದರು. ವಿಜ್ಞಾನ ಬರಲಿಲ್ಲ.

“ಕಹಿ ಸಿಕ್ಕಿದ್ರೆ ಅವರಿಗೆ ಹೇಳ್ತಿದ್ದೆಯಾ?”

“ಹೇಳೋದೆಲ್ಲಿ ಬಂತು? ಮಡೀಲಿ ಅವರು ಮಾತಾಡ್ತಿರ್ಲಿಲ್ಲ, ನನಗೂ ಬಾಯಿ ತುಂಬಾ ಸೌತೆಕಾಯಿ. ಸುಮ್ನೆ ನನ್ನ ಮುಖ ನೋಡೋರು. ಹುಬ್ಬು ಸ್ವಲ್ಪ ಗಂಟಾದ್ರೂ ಸಾಕು, ಆ ಕಾಯಿನ ಪಕ್ಕಕ್ಕೆ ಇಡೋರು.” ತುಳಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಈ ಮನೇಲಿ ನನ್ನ ಮುಖಾನ ಅಷ್ಟು ಗಮನ ಇಟ್ಟು ನೋಡಿದೋರು ಅವರೊಬ್ರೇ ಕಣ್ರೀ.”